ಉಸಿರಣ್ಣ ಸೀಟಿನಲ್ಲಿ ಕೂತ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಒಬ್ಬ ಮನುಷ್ಯ ಕೆಂಪು ಕಾರೊಂದರ ಬಾನೆಟ್ ಎತ್ತಿ, ಗಿಡಕ್ಕೆ ನೀರು ಬಿಡುವ ಪೈಪಿನ ತುಂಡಿನ ಒಂದು ತುದಿಯನ್ನು ಕಿವಿಗೆ, ಇನ್ನೊಂದು ತುದಿಯನ್ನು ಇಂಜಿನ್ನಿಗೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಾರೆ. ಹೊಸಬರು ನೋಡಿದರೆ ಇವರಿಗೂ ಕಾರಿಗೂ ಏನೋ ಗುಟ್ಟಿನ ಮಾತುಕತೆ ನಡೀತಿದೆ ಅಂದುಕೊಳ್ಳಬೇಕು. ನಡೀತಿರುವುದೂ ಅದೇ.

"ದೊಡ್ಡವನು ಸರಿಯಾಗಿ ಉಸಿರಾಡ್ತಿದಾನೆ," ಎನ್ನುತ್ತಾರೆ. ಪೈಪನ್ನು ಗೇಣುದ್ದ ಪಕ್ಕಕ್ಕೆ ಸರಿಸುತ್ತಾರೆ. "ಚಿಕ್ಕವನೂ ಸರಿಯಾಗೇ ಇದಾನೆ. ಹಾಗಾದ್ರೆ ಕಳ್ಳ ಯಾರು?"

ದೊಡ್ಡವನು, ಚಿಕ್ಕವನು ಅಂದರೆ ಆ ಕಾರಿನ ಎರಡು ಕಾರ್ಬ್ಯುರೇಟರ್‌ಗಳು. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಉಣಿಸುವ ಭಾಗ ಅದು. ಒಳಗೊಂದು ದುಂಡನೆಯ ತಗಡಿನ ಬಾಗಿಲು ಇರುತ್ತದೆ. ಓಡಿಸುವವರು ಕಾಲಿನಿಂದ ಪೆಡಲ್ ಒತ್ತಿದಷ್ಟೂ ಅದು ತೆರೆದುಕೊಳ್ಳುತ್ತದೆ, ತೆರೆದಷ್ಟೂ ಕಾರಿಗೆ ಜೋರು ಬರುತ್ತದೆ. ಎರಡೂ ಕಡೆಯ ಉಸಿರು ಒಂದೇ ಸಮ ಇರಬೇಕು. ಈಗಿನ ಕಾರುಗಳಲ್ಲಿ ಈ ಕೆಲಸ ಕಂಪ್ಯೂಟರ್ ಮಾಡುತ್ತದೆ. ಹಳೆಯ ಕಾರಿಗೆ ಇವರ ಕಿವಿಯೇ ಕಂಪ್ಯೂಟರ್.

ಬೀದಿಯವರು ಇವರನ್ನು ಉಸಿರಣ್ಣ ಎಂದೇ ಕರೆಯುತ್ತಾರೆ. ಯಾವ ಗಾಡಿ ಬರಲಿ, ಏನೇ ಕಾಯಿಲೆ ಹೇಳಲಿ, ಇವರ ಮೊದಲ ಮಾತು, "ತಡೀರಿ, ಉಸಿರು ನೋಡೋಣ." ಎದುರಿನ ಕ್ಷೌರದಂಗಡಿಯವನು ಒಮ್ಮೆ ತನ್ನ ಕುರ್ಚಿ ಕಿರುಗುಟ್ಟುತ್ತಿದೆ ಎಂದು ಕರೆದಾಗಲೂ ಅದನ್ನೇ ಅಂದರಂತೆ. ಆ ಮಾತನ್ನು ಅವನು ಇವತ್ತಿಗೂ ಗಿರಾಕಿಗಳ ಕೆನ್ನೆಗೆ ನೊರೆ ಹಚ್ಚುತ್ತ ಹೇಳುತ್ತಾನೆ, ಅವರು ನಕ್ಕರೆ ಕತ್ತಿ ಎತ್ತಿ ಹಿಡಿದು ಕಾಯುತ್ತಾನೆ.

ಉಸಿರಣ್ಣನ ತಂದೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವರು. ರಸ್ತೆಯ ಬದಿಯಲ್ಲಿ ಒಂದು ಪಂಪು, ಒಂದು ಬೋಗುಣಿ ನೀರು, ಮುಗಿಯಿತು ಅಂಗಡಿ. ತೂತಾದ ಟ್ಯೂಬನ್ನು ನೀರಿಗಿಳಿಸದೆ ಕೆನ್ನೆಯ ಹತ್ತಿರ ಹಿಡಿದೇ ಗಾಳಿ ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದರಂತೆ. "ಗಾಳಿ ಹೊಡೆಯೋನ ಮಗ ಅಂತ ಸ್ಕೂಲಲ್ಲಿ ಎಲ್ಲರೂ ರೇಗಿಸೋರು. ಅಳು ಬರೋದು. ಈಗ ನೋಡಿ, ಅದೇ ಗಾಳಿ ಅನ್ನ ಹಾಕ್ತಿದೆ," ಎಂದು ಉಸಿರಣ್ಣ ಪೇಪರಿನಿಂದ ಬಂದ ನಮ್ಮತ್ತ ತಿರುಗಿ ನಗುತ್ತಾರೆ. ನಗುವಾಗಲೂ ಪೈಪು ಕಿವಿಯಿಂದ ಇಳಿಯುವುದಿಲ್ಲ.

ಅನ್ನದ ಮಾತು ಬಂದದ್ದೇ ತಡ, ಶೆಡ್ಡಿನ ಇನ್ನೊಂದು ಪಕ್ಕದಿಂದ ಹೊಲಿಗೆ ಯಂತ್ರ ನಿಲ್ಲುತ್ತದೆ. "ಯಾರು ಹಾಕ್ತಿರೋದು ಅಂತ ಸರಿಯಾಗಿ ಹೇಳಿ," ಎಂಬ ದನಿ ಬರುತ್ತದೆ. ಯಂತ್ರ ಮತ್ತೆ ಶುರುವಾಗುತ್ತದೆ.

ಅದು ಅವರ ಮನೆಯಾಕೆ. ಕಾರಿನ ಸೀಟು ಹೊಲಿಯುವುದರಲ್ಲಿ ಎತ್ತಿದ ಕೈ, ಬೀದಿಗೆಲ್ಲ ಸೀಟಕ್ಕ. ಶೆಡ್ಡಿನ ನಡುವೆ ನೆಲದ ಮೇಲೆ ಒಂದು ಬಿಳಿ ಗೆರೆ ಎಳೆದಿದ್ದಾರೆ. ಗೆರೆಯ ಈಚೆ ಗ್ರೀಸು, ಸ್ಪ್ಯಾನರು, ಪೆಟ್ರೋಲಿನ ವಾಸನೆ. ಆಚೆ ಬೆಣ್ಣೆ ಬಣ್ಣದ ಚರ್ಮ, ಬಣ್ಣಬಣ್ಣದ ದಾರ, ಕೈ ತೊಳೆದು ಮುಟ್ಟಬೇಕಾದ ಬಟ್ಟೆಯ ಸುರುಳಿಗಳು. ಕಾರ್ಬ್ಯುರೇಟರ್ ಇರುವ ಕಾರುಗಳು ಒಂದೊಂದಾಗಿ ಗುಜರಿ ಸೇರಿದ ಮೇಲೆ ಉಸಿರಣ್ಣನ ಪಾಲಿಗೆ ಉಳಿದದ್ದು ಹಳೆಯ ಸ್ಕೂಟರ್, ಜನರೇಟರ್, ಹುಲ್ಲು ಕತ್ತರಿಸುವ ಯಂತ್ರ. ಕಾರು ಹಳೆಯದಿರಲಿ ಹೊಸದಿರಲಿ ಕೂರುವವರು ಇದ್ದೇ ಇರುತ್ತಾರಲ್ಲ, ಸೀಟಕ್ಕನ ಯಂತ್ರಕ್ಕೆ ಮಾತ್ರ ಬಿಡುವಿಲ್ಲ. ಮನೆ ನಡೆದದ್ದು ಆ ಯಂತ್ರದಿಂದ. ಇದನ್ನು ಉಸಿರಣ್ಣ ಒಪ್ಪುತ್ತಾರೆ, ಆದರೆ ಮೆಲ್ಲಗೆ.

ಈ ಮನೆಯಲ್ಲಿ ಒಂದು ಕಾನೂನು ಇದೆ. ಉಸಿರಣ್ಣ ಯಾವ ಕಾರಿನ ಸೀಟಿನಲ್ಲೂ ಕೂರುವಂತಿಲ್ಲ. ಮದುವೆಯಾದ ಹೊಸದರಲ್ಲಿ, ಸೀಟಕ್ಕ ಹಗಲೂ ರಾತ್ರಿ ಕೂತು ಹೊಲಿದ ಹಾಲುಬಿಳಿ ಸೀಟಿನ ಮೇಲೆ ಇವರು ಕೆಲಸದ ಚಡ್ಡಿಯಲ್ಲೇ ಹೋಗಿ ಕೂತರು. ಎದ್ದಾಗ ಅಲ್ಲಿ ಎರಡು ಕಪ್ಪು ಹುಣ್ಣಿಮೆ ಚಂದ್ರರು ಮೂಡಿದ್ದರು. "ಆವತ್ತು ಇವಳು ಬೈಲಿಲ್ಲ. ಸುಮ್ಮನೆ ಸೀಟು ನೋಡಿದಳು, ಆಮೇಲೆ ನನ್ನ ನೋಡಿದಳು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಎನ್ನುತ್ತಾರೆ. ಅಂದಿನಿಂದ ಇವರದು ಹೊರಗಿನ ಸೇವೆ. ಕಿಟಕಿಯಿಂದ ಕೈ ತೂರಿಸಿ ಕೀಲಿ ತಿರುಗಿಸುತ್ತಾರೆ. ಮುಂದೆ ಬಂದು ಕಾರ್ಬ್ಯುರೇಟರಿನ ಬಾಗಿಲು ತೆರೆಯುವ ಕಡ್ಡಿಯನ್ನು ಬೆರಳಿನಿಂದ ಎಳೆದು ಇಂಜಿನ್ ಗುರ್ರೆನ್ನಿಸುತ್ತಾರೆ. ಒಳಗೆ ಕೂತು ಪೆಡಲ್ ಒತ್ತಿ ನೋಡಿದವರಲ್ಲ. ಓಡಿಸಿ ನೋಡುವುದು ಗಿರಾಕಿಗೆ ಬಿಟ್ಟದ್ದು.

ಇಷ್ಟು ಹೇಳಿದ ಮೇಲೆ ಕೆಂಪು ಕಾರಿನ ಕಥೆಗೆ ಬರಬಹುದು.

ಅದು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೆಯ ಸ್ಪೋರ್ಟ್ಸ್ ಕಾರು. ಒಡತಿ ಹಲ್ಲಿನ ಡಾಕ್ಟರಮ್ಮ. ಅವರ ತಂದೆ ಕೊಂಡದ್ದು, ತಂದೆಯ ಕಾಲದಿಂದ ಉಸಿರಣ್ಣನೇ ನೋಡಿಕೊಂಡದ್ದು. ಹಳೆಯ ಕಾರುಗಳಲ್ಲಿ ಇಂಜಿನ್ನಿನ ಕಾವು ಕಾಲಿಗೇ ಹೊಡೆಯುತ್ತದೆ; ಡಾಕ್ಟರಮ್ಮ ಅಂಗಾಲು ಸುಡುತ್ತದೆ ಎಂದು ಒಮ್ಮೆ ಅಂದದ್ದೇ ಸಾಕಾಯಿತು, ಸೀಟಕ್ಕ ಸೀಟಿನ ಜೊತೆಗೆ ಮೂರು ಪದರದ ದಪ್ಪ ಮ್ಯಾಟೊಂದನ್ನು ಹೊಲಿದು, ಮೇಲೆ ಹಳದಿ ಹೂವಿನ ಕಸೂತಿ ಹಾಕಿ ಕೊಟ್ಟರು. ಮೈಯೆಲ್ಲ ಬಿಸಿ ಕಬ್ಬಿಣವಾದ ಆ ಕಾರಿನಲ್ಲಿ ಡಾಕ್ಟರಮ್ಮನ ಪಾದ ಅಂದಿನಿಂದ ಹಾಸಿಗೆಯ ಮೇಲಿದ್ದಂತೆ ಇತ್ತು. ಬೀದಿಯಲ್ಲಿ ಆ ಮ್ಯಾಟನ್ನು ಮುಟ್ಟಿ ನೋಡದವರಿಲ್ಲ.

ಕಾರಿಗೆ ಕಾಯಿಲೆ ಬಂದದ್ದು ಆಮೇಲೆ. ಸಮತಟ್ಟು ರಸ್ತೆಯಲ್ಲಿ ಮಗುವಿನ ಹಾಗೆ ಹೋಗುತ್ತದೆ. ಡಾಕ್ಟರಮ್ಮನ ಮನೆ ಗುಡ್ಡದ ನೆತ್ತಿಯಲ್ಲಿ. ಏರು ಶುರುವಾದೊಡನೆ ಜೋರು ಉಡುಗಿ, ಏದುಸಿರು ಬಿಟ್ಟು, ನಡುದಾರಿಯಲ್ಲಿ ಮುಷ್ಕರ ಹೂಡುತ್ತದೆ. ಡಾಕ್ಟರಮ್ಮ ಕಾರನ್ನು ಬುಡದಲ್ಲಿ ಬಿಟ್ಟು, ಚೀಲ ಹೊತ್ತು, ನಡೆದು ಹತ್ತುವುದಾಯಿತು. ಅವರ ಮಂಡಿ ಅದನ್ನು ಒಪ್ಪಲಿಲ್ಲ.

ಅಷ್ಟರಲ್ಲಿ ದೊಡ್ಡ ಹೋಟೆಲಿನ ಮ್ಯಾನೇಜರು ಮೂಗು ತೂರಿಸಿದರು. ಕಾರನ್ನು ಕೊಂಡು ಹೋಟೆಲಿನ ಹಜಾರದಲ್ಲಿ ನಿಲ್ಲಿಸುತ್ತಾರಂತೆ, ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು. ಡಾಕ್ಟರಮ್ಮ ಶನಿವಾರದ ಗಡುವು ಹಾಕಿದರು. "ಉಸಿರಣ್ಣ, ನನಗೂ ಕರುಳು ಕಿತ್ತು ಬರುತ್ತೆ. ಆದ್ರೆ ಮನೆ ಸೇರಿಸದ ಕಾರು ಇಟ್ಕೊಂಡು ಏನು ಮಾಡ್ಲಿ? ಶನಿವಾರದೊಳಗೆ ಗುಡ್ಡ ಹತ್ತಿದ್ರೆ ನನ್ನ ಹತ್ರ ಇರುತ್ತೆ. ಇಲ್ಲಾಂದ್ರೆ ಕೊಟ್ಟುಬಿಡ್ತೀನಿ."

ಮ್ಯಾನೇಜರಿಗೆ ಶನಿವಾರದವರೆಗೆ ತಾಳ್ಮೆ ಇರಬೇಕಲ್ಲ? ಅಳತೆಯ ಟೇಪು ಹಿಡಿದು ಶೆಡ್ಡಿಗೇ ಬಂದರು. ಉಸಿರಣ್ಣ ಕಿವಿಗೆ ಪೈಪು ಹಿಡಿದು ನಿಂತಿರುವಾಗಲೇ ಪಕ್ಕದಿಂದ ಬಾಗಿ ಇಂಜಿನ್ನಿನ ಉದ್ದಗಲ ಅಳೆದರು.

"ಇದೇನು ಅಳೀತಿದೀರಿ?" ಎಂದರು ಉಸಿರಣ್ಣ.

"ಇಂಜಿನ್ ತೆಗೆದುಬಿಟ್ರೆ ಇಲ್ಲಿ ಒಳ್ಳೆ ಜಾಗ ಆಗುತ್ತೆ. ಹೂಕುಂಡ ಇಡ್ತೀವಿ. ಬಾನೆಟ್ ತೆಗೆದೇ ಇಟ್ರೆ ಗುಲಾಬಿ ಮೇಲೆ ಬರುತ್ತೆ."

ಉಸಿರಣ್ಣ ಬಾನೆಟ್ಟನ್ನು ದಢಾರನೆ ಮುಚ್ಚಿಬಿಟ್ಟರು. ತಾವು ಉಸಿರು ಹಿಡಿದು ಉಸಿರು ಕೇಳಿದ ಜಾಗದಲ್ಲಿ ಗೊಬ್ಬರ ತುಂಬುತ್ತಾರಂತೆ. ಆ ರಾತ್ರಿ ಊಟ ಸೇರಲಿಲ್ಲ ಎಂದು ಸೀಟಕ್ಕ ಹೇಳುತ್ತಾರೆ. ಎರಡನೇ ಸಲ ಬಡಿಸಿಕೊಳ್ಳಲಿಲ್ಲ ಅನ್ನುವುದು ಅದರ ಅರ್ಥ.

ಮರುದಿನದಿಂದ ಇಂಜಿನ್ನಿಗೆ ಗ್ರಹಚಾರ ಶುರು. ಉಸಿರಣ್ಣ ಕಿಡಿ ಹೊತ್ತಿಸುವ ಪ್ಲಗ್‌ಗಳನ್ನು ಬಿಚ್ಚಿ ಮೂತಿ ನೋಡಿದರು. ಬಿಸ್ಕತ್ತಿನ ಬಣ್ಣಕ್ಕಿದ್ದರೆ ಇಂಜಿನ್ನಿನ ಹೊಟ್ಟೆ ನೆಟ್ಟಗಿದೆ ಎಂದರ್ಥ. ಎಲ್ಲವೂ ಒಳ್ಳೆ ಬೇಕರಿಯಿಂದ ಬಂದ ಹಾಗಿದ್ದವು. ಪೆಟ್ರೋಲ್ ಸೋಸುವ ಜಾಲರಿ ತೊಳೆದರು, ಕಸವೇ ಇಲ್ಲ. ಎಲ್ಲೋ ಸಂದಿಯಲ್ಲಿ ಕಳ್ಳಗಾಳಿ ಒಳನುಗ್ಗುತ್ತಿದೆಯೇ ಎಂದು ಒಂದೊಂದು ಜೋಡಣೆಗೂ ಕಿವಿ ಕೊಟ್ಟರು, ಕಳ್ಳ ಸಿಗಲಿಲ್ಲ. ಕೊನೆಗೆ ದೊಡ್ಡವನನ್ನೂ ಚಿಕ್ಕವನನ್ನೂ ಪೂರ್ತಿ ಬಿಚ್ಚಿ, ತೂತುಗಳಿಗೆಲ್ಲ ಗಾಳಿ ಊದಿ, ಮತ್ತೆ ಜೋಡಿಸಿದರು. ಕಡ್ಡಿ ಎಳೆದರೆ ಇಂಜಿನ್ ಗರ್ಜಿಸುತ್ತದೆ, ಕ್ಷೌರದಂಗಡಿಯ ಕನ್ನಡಿ ನಡುಗುತ್ತದೆ. "ಸರಿಹೋಯ್ತು, ತಗೊಂಡು ಹೋಗಿ," ಎಂದು ಉಸಿರಣ್ಣ ಕೈ ಒರೆಸಿಕೊಳ್ಳುತ್ತಾರೆ. ಸಂಜೆಗೆ ಡಾಕ್ಟರಮ್ಮನ ಫೋನು, "ಅದೇ ಜಾಗದಲ್ಲಿ ನಿಂತಿದೀನಿ."

ಇದು ದಿನವೂ ನಡೆಯಿತು. ಎಷ್ಟು ಗರ್ಜಿಸಿದರೂ ಏರಿನಲ್ಲಿ ಬಾಲ ಮುದುರಿಕೊಳ್ಳುತ್ತದೆ. ಡಾಕ್ಟರಮ್ಮ ಒಮ್ಮೆ, "ನಾನು ಒಳಗೆ ಕೂತು ಪೆಡಲ್ ಒತ್ತಲಾ, ನೀವು ನೋಡ್ತೀರಾ?" ಎಂದು ಕೇಳಿದರಂತೆ. ಉಸಿರಣ್ಣನಿಗೆ ಅದು ಸೇರಲಿಲ್ಲ. "ನೀವು ಹಲ್ಲು ಕೀಳುವಾಗ ರೋಗಿ ಕೈಗೆ ಇಕ್ಕಳ ಕೊಡ್ತೀರಾ?" ಎಂದು ಬಾಯಿ ಮುಚ್ಚಿಸಿದರು. ಆ ಮಾತನ್ನು ನೆನೆದರೆ ಈಗ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಕ್ಷೌರದಂಗಡಿಯವನು ಕಾರಿಗೆ ದೃಷ್ಟಿಯಾಗಿದೆ ಎಂದ. ಸೀಟಕ್ಕ ಯಂತ್ರ ತುಳಿಯುತ್ತ, "ಕಾರಿಗೇನೂ ಆಗಿಲ್ಲ, ಇವರ ಕಿವಿಗೆ ವಯಸ್ಸಾಗಿದೆ," ಎಂದರು. ತಮಾಷೆಗೇ ಅಂದದ್ದು. ಆದರೆ ಉಸಿರಣ್ಣ ನಗಲಿಲ್ಲ. ಮನೆಯೊಳಗೆ ಹೋಗಿ ಗೋಡೆ ಗಡಿಯಾರಕ್ಕೆ, ನಲ್ಲಿಗೆ, ಕೊನೆಗೆ ಮಲಗಿದ್ದ ಬೆಕ್ಕಿಗೆ ಪೈಪು ಹಿಡಿದು ಕೇಳಿ ನೋಡಿದರು. ಎಲ್ಲವೂ ಕೇಳಿಸುತ್ತಿತ್ತು. ಬೆಕ್ಕು ಮಾತ್ರ ಮುನಿಸಿಕೊಂಡಿತು. "ಕಿವಿ ಹೋದ್ರೆ ನನ್ನ ಹತ್ರ ಇನ್ನೇನಿದೆ ಹೇಳಿ? ಕಾರೂ ಹೋಗುತ್ತೆ, ನಾನೂ ಹೋದ ಹಾಗೆ. ನಿಜವಾಗ್ಲೂ ಭಯ ಆಯ್ತು," ಎನ್ನುತ್ತಾರೆ.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಬಾಗಿಲು ತೆರೆದು ಹಿಡಿದರು. "ಬನ್ನಿ, ಪಕ್ಕದಲ್ಲಿ ಕೂತ್ಕೊಳ್ಳಿ. ಇದು ಸಾಯೋದನ್ನ ನೀವೇ ಕಣ್ಣಾರೆ ನೋಡಿ."

ಉಸಿರಣ್ಣ ಬಿಳಿ ಗೆರೆಯ ಆಚೆ ನೋಡಿದರು. ಯಂತ್ರ ನಿಂತಿತು. ಸೀಟಕ್ಕ ಇವರನ್ನು ತಲೆಯಿಂದ ಕಾಲಿನವರೆಗೆ ಅಳೆದು, "ಸ್ನಾನ ಮಾಡ್ಬೇಕು," ಎಂದರು.

ಬೀದಿಯೇ ಕಾಯಿತು. ಉಸಿರಣ್ಣ ತಲೆಗೆ ಸ್ನಾನ ಮಾಡಿ, ಉಗುರಿನ ಸಂದಿಯ ಗ್ರೀಸನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಮದುವೆ ಮನೆಗಳಿಗೆ ಹಾಕುವ ಅಂಗಿ ತೊಟ್ಟು ಬಂದರು. ಸೀಟಕ್ಕ ಮುಂದೆ ನೋಡಿದರು, ಹಿಂದೆ ತಿರುಗಿಸಿ ನೋಡಿದರು. ಆದರೂ ನಂಬಿಕೆ ಬರದೆ ಒಗೆದ ದುಪ್ಪಟಿಯೊಂದನ್ನು ಸೀಟಿನ ಮೇಲೆ ಹಾಸಿದರು. ಹೀಗೆ ಉಸಿರಣ್ಣ ತಾವು ಅಷ್ಟು ವರ್ಷ ಸಾಕಿದ ಕಾರಿನೊಳಗೆ ಮೊದಲ ಬಾರಿ ಕೂತರು. ಎಲ್ಲಿ ಕೈ ಇಡಬೇಕೆಂದು ತಿಳಿಯದೆ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಏರು ಬಂತು. ಕಾರು ಹೇಳಿಕೊಟ್ಟ ಪಾಠ ಒಪ್ಪಿಸಿದ ಹಾಗೆ ಅದೇ ಜಾಗದಲ್ಲಿ ಜೋರು ಕಳೆದುಕೊಂಡಿತು. ಬೆಳಗಿನ ನಡಿಗೆಗೆ ಹೊರಟಿದ್ದ ನಿವೃತ್ತ ಹೆಡ್‌ಮಾಸ್ತರೊಬ್ಬರು ಊರುಗೋಲು ಬೀಸುತ್ತ ಹಿಂದಿನಿಂದ ಬಂದು, "ನಮಸ್ಕಾರ ಡಾಕ್ಟ್ರೇ," ಎಂದು ಕಾರನ್ನು ಹಿಂದೆ ಹಾಕಿ ಹೋದರು.

"ಇನ್ನೂ ಒತ್ತಿ," ಎಂದರು ಉಸಿರಣ್ಣ.

"ಇನ್ನೆಲ್ಲಿ ಒತ್ತಲಿ? ಕಾಲು ನೆಲಕ್ಕೆ ಮುಟ್ಟಿದೆ."

ಉಸಿರಣ್ಣನಿಗೆ ಕೇಳಲು ಪೈಪಿರಲಿಲ್ಲ, ಹಿಡಿಯಲು ಸ್ಪ್ಯಾನರ್ ಇರಲಿಲ್ಲ. ಮಾಡಲು ಕೆಲಸವಿಲ್ಲದ ಮನುಷ್ಯ ಕೆಳಗೆ ನೋಡಿದರು. ಡಾಕ್ಟರಮ್ಮನ ಕಾಲು ನೆಲಕ್ಕೆ ಮುಟ್ಟಿರಲಿಲ್ಲ. ಹಳದಿ ಹೂವಿಗೆ ಮುಟ್ಟಿತ್ತು. ಪೆಡಲ್ಲು ಮೂರು ಪದರದ ಮ್ಯಾಟಿನಲ್ಲಿ ಮುಖ ಹುದುಗಿಸಿಕೊಂಡು, ಅರ್ಧ ದಾರಿಯಲ್ಲೇ ಆರಾಮವಾಗಿ ಕೂತಿತ್ತು. ಪೆಡಲ್ ಅರ್ಧ ಇಳಿದರೆ ಮುಂದೆ ದೊಡ್ಡವನ ಬಾಗಿಲೂ ಚಿಕ್ಕವನ ಬಾಗಿಲೂ ಅರ್ಧವೇ ತೆರೆಯುವುದು. ಬೆರಳಿನಿಂದ ಕಡ್ಡಿ ಎಳೆಯುವವರಿಗೆ ಇದು ಏಳು ಜನ್ಮಕ್ಕೂ ತಿಳಿಯುವಂಥದ್ದಲ್ಲ.

ಉಸಿರಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಾರು ಉಳಿಯಿತು, ನಿಜ. ಕಿವಿಯೂ ಸರಿ ಇದೆ. ಆದರೆ ಕಳ್ಳ ಮನೆಯವನೇ. ಬೀದಿಯೆಲ್ಲ ಮುಟ್ಟಿ ಹೊಗಳಿದ, ಸೀಟಕ್ಕ ಪ್ರೀತಿಯಿಂದ ಹೊಲಿದ ಮ್ಯಾಟು.

"ಸ್ವಲ್ಪ ನಿಲ್ಲಿಸಿ," ಎಂದರು. "ಮ್ಯಾಟು ಧೂಳಾಗಿದೆ. ಕೊಡವಿ ಕೊಡ್ತೀನಿ."

"ಈಗಲಾ?"

"ಧೂಳು ಒಳ್ಳೇದಲ್ಲ ಡಾಕ್ಟ್ರಮ್ಮ."

ಮ್ಯಾಟನ್ನು ಎಳೆದು, ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡರು. ಡಾಕ್ಟರಮ್ಮ ಪೆಡಲ್ ಒತ್ತಿದರು. ಈ ಸಲ ಪೆಡಲ್ಲು ಕೊನೆಯವರೆಗೆ ಹೋಯಿತು, ಕಾರು ಹಗ್ಗ ಬಿಚ್ಚಿದ ಕರುವಿನಂತೆ ಹಾರಿತು. ಉಸಿರಣ್ಣನ ಬೆನ್ನು ಸೀಟಿಗೆ ಅಂಟಿಕೊಂಡಿತು. ತಾವು ಇಷ್ಟು ಕಾಲ ಪೈಪಿನ ತುದಿಯಲ್ಲಿ ಕೇಳಿದ ಉಸಿರು ಇಡೀ ಮೈಯನ್ನು ಹೊತ್ತು ಓಡುವುದು ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲೇ ಇಲ್ಲ. ತಿರುವಿನಲ್ಲಿ ಹೆಡ್‌ಮಾಸ್ತರು ಸಿಕ್ಕರು. "ನಮಸ್ಕಾರ ಮೇಷ್ಟ್ರೇ," ಎಂದು ಉಸಿರಣ್ಣ ಕೂಗುವಷ್ಟರಲ್ಲಿ ಅವರು ಹಿಂದೆ ಉಳಿದಿದ್ದರು.

ನೆತ್ತಿಯಲ್ಲಿ ಕಾರು ನಿಲ್ಲಿಸಿ ಡಾಕ್ಟರಮ್ಮ ಇವರ ಮಡಿಲು ನೋಡಿದರು. "ಮ್ಯಾಟಾ?"

"ಯಾವ ಮ್ಯಾಟು?" ಎಂದರು ಉಸಿರಣ್ಣ, ಅದನ್ನೇ ತಬ್ಬಿಕೊಂಡು. ಆಮೇಲೆ ದನಿ ಇಳಿಸಿದರು. "ಡಾಕ್ಟ್ರಮ್ಮ, ಎರಡು ಹೊತ್ತಿನ ಊಟ ನಾನು ಅವಳ ಕೈಯಲ್ಲೇ ಉಣ್ಬೇಕು. ದಯವಿಟ್ಟು ಹೇಳ್ಬೇಡಿ."

"ಬಾಯಿ ತೆರೆಸೋದು ನನ್ನ ಕಸುಬು. ಆದ್ರೂ ಇದೊಂದು ಸಲ ಮುಚ್ಕೊಂಡಿರ್ತೀನಿ."

ಕಾರು ಬೀದಿಗೆ ಇಳಿದು ಬರುವ ಹೊತ್ತಿಗೆ ಮ್ಯಾನೇಜರು ಶೆಡ್ಡಿನ ಮುಂದೆ ಟೇಪು ಹಿಡಿದೇ ನಿಂತಿದ್ದರು. ಡಾಕ್ಟರಮ್ಮ ಕಿಟಕಿ ಇಳಿಸಿ, "ಕಾರು ಕೊಡಲ್ಲ. ಹಲ್ಲು ನೋವಿದ್ರೆ ಸೋಮವಾರ ಬನ್ನಿ," ಎಂದರು. ಮ್ಯಾನೇಜರು ಟೇಪು ಬಿಟ್ಟರು, ಅದು ಸರ್ರನೆ ಒಳಗೆ ಹೋಯಿತು.

"ಏನಾಗಿತ್ತಣ್ಣಾ?" ಎಂದ ಕ್ಷೌರದಂಗಡಿಯವನು, ಕತ್ತಿ ಎತ್ತಿ ಹಿಡಿದು.

"ಉಸಿರಿಗೆ ಏನೋ ಅಡ್ಡ ಬಂದಿತ್ತು," ಎಂದರು ಉಸಿರಣ್ಣ. ಸುಳ್ಳಂತೂ ಅಲ್ಲ.

ಆದರೆ ಸೀಟಕ್ಕನ ಕಣ್ಣು ಆಗಲೇ ಅವರ ಕಂಕುಳಿನ ಸುರುಳಿಯ ಮೇಲೆ ಬಿದ್ದಿತ್ತು. ಮಾತಾಡದೆ ಅದನ್ನು ಇಸಕೊಂಡರು. ಕಾರಿನಲ್ಲಿ ಕೂತು, ಮ್ಯಾಟು ಹಾಸಿ ಪೆಡಲ್ ಒತ್ತಿದರು. ತೆಗೆದು ಒತ್ತಿದರು. ಮತ್ತೆ ಹಾಸಿ ಒತ್ತಿದರು. ಬಟ್ಟೆಯ ದಪ್ಪ ಬೆರಳಿನಲ್ಲೇ ಹೇಳುವ ಹೆಂಗಸು, ಎಲ್ಲ ಅರ್ಥವಾಯಿತು. ಮುಖ ಕೆಂಪೇರಿತು, ಕಣ್ಣಲ್ಲಿ ನೀರೂ ಬಂತು.

"ನನ್ನಿಂದಾನಾ ಇದು?" ಎಂದರು. "ಆ ಕಾರು ಹೂಕುಂಡ ಆಗ್ತಿತ್ತಲ್ರೀ, ನನ್ನಿಂದ."

ಉಸಿರಣ್ಣನಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. "ನಿನ್ನಿಂದ ಯಾಕೆ? ಒಂದೇ ಒಂದು ಸಲ ಒಳಗೆ ಕೂತು ನೋಡಿದ್ರೆ ಮೊದಲ ದಿನಾನೇ ಗೊತ್ತಾಗ್ತಿತ್ತು. ಕೂರದೇ ಇದ್ದದ್ದು ನಾನು."

"ಕೂರಬೇಡಿ ಅಂದಿದ್ದು ಯಾರು?"

"ಅದೂ ನೀನೇ," ಎಂದುಬಿಟ್ಟರು ಉಸಿರಣ್ಣ. ತಡವಾಗಿ ನಾಲಿಗೆ ಕಚ್ಚಿಕೊಂಡರು. ಸೀಟಕ್ಕ ಅವರನ್ನು ನೋಡಿದರು, ಕಾಲ ಕೆಳಗಿನ ಹೂವನ್ನು ನೋಡಿದರು. ಆಮೇಲೆ ಸ್ಟೀರಿಂಗಿಗೆ ಹಣೆ ಕೊಟ್ಟು ನಗತೊಡಗಿದರು. ಹಾರ್ನು ಒತ್ತಿಕೊಂಡು ಕೂಗಿತು, ಆದರೂ ನಗು ನಿಲ್ಲಲಿಲ್ಲ.

ಇವತ್ತು ಬೆಳಿಗ್ಗೆ ಆ ಕಾರು ಮತ್ತೆ ಶೆಡ್ಡಿನಲ್ಲಿದೆ, ಬರೀ ಎಣ್ಣೆ ಬದಲಿಸಲು. ಮಾಮೂಲಿನಂತೆ ಉಸಿರಣ್ಣ ಉಸಿರೂ ಕೇಳುತ್ತಾರೆ. ಕಳ್ಳನನ್ನು ಹುಡುಕುವುದು ಅವರಿಗೆ ಚಟ. ಒಳಗೆ ಹೊಸ ಮ್ಯಾಟು ಬಿದ್ದಿದೆ, ಒಂದೇ ಪದರದ್ದು, ಪೆಡಲ್ ಬರುವ ಕಡೆ ಅರ್ಧಚಂದ್ರದ ಹಾಗೆ ಕತ್ತರಿಸಿ ಅಂಚು ಹೊಲಿದದ್ದು. ಮನೆಯ ಕಾನೂನಿಗೂ ತಿದ್ದುಪಡಿಯಾಗಿದೆ: ಸ್ನಾನ ಮಾಡಿದರೆ ಕೂರಬಹುದು.

"ಮ್ಯಾಟಿನ ವಿಷಯ ಮಾತ್ರ ಪೇಪರಲ್ಲಿ ಹಾಕ್ಬೇಡಿ," ಎಂದು ಉಸಿರಣ್ಣ ಪಿಸುಗುಟ್ಟುತ್ತಾರೆ.

"ಹಾಕಿ, ಹಾಕಿ," ಎನ್ನುತ್ತದೆ ಗೆರೆಯಾಚೆಯ ದನಿ. "ಹೂವು ಹಳದಿ ಬಣ್ಣದ್ದು ಅಂತಾನೂ ಬರೀರಿ."

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ ಉಸಿರಣ್ಣ ತಲೆ ಕೆರೆದುಕೊಳ್ಳುತ್ತಾರೆ. ಇನ್ನೊಮ್ಮೆ ಆ ಗುಡ್ಡ ಹತ್ತಬೇಕಂತೆ, ಹೆಡ್‌ಮಾಸ್ತರು ಇದ್ದರೆ ಇನ್ನೂ ಒಳ್ಳೆಯದಂತೆ. ಹಾಗೆನ್ನುತ್ತ ಇಂಜಿನ್ನಿನ ಮುಂದಿನ ತಮ್ಮ ಮರದ ಸ್ಟೂಲಿನ ಮೇಲೆ ಕೆಲಸದ ಚಡ್ಡಿಯಲ್ಲೇ ಕೂರಲು ಹೋಗುತ್ತಾರೆ. ಸ್ಟೂಲಿನ ಮೇಲೆ ಮೆತ್ತಗೆ ಏನೋ ಇದೆ. ಬಗ್ಗಿ ನೋಡಿದರೆ ಅದೇ ಮೂರು ಪದರ, ಮಡಿಸಿ, ನಾಲ್ಕೂ ಕಾಲಿಗೆ ದಾರ ಬಿಗಿದು ಹೊಲಿದದ್ದು. ಹಳದಿ ಹೂವಿನ ಮೇಲೆ ಆಗಲೇ ಎರಡು ಕಪ್ಪು ಚಂದ್ರರು ಮೂಡಿದ್ದಾರೆ.

"ಇವಳು ಹೊಲಿದ ಸೀಟಲ್ಲಿ ಎಂತೆಂಥವರೋ ಕೂತಿದಾರೆ," ಎನ್ನುತ್ತಾರೆ ಉಸಿರಣ್ಣ, ಅದರ ಮೇಲೆ ಕೂತು ಪೈಪನ್ನು ಕಿವಿಗೆ ಏರಿಸುತ್ತ. "ಆದ್ರೆ ಕೈಕಾಲು ತೊಳೀದೇ ಕೂರೋನು ನಾನೊಬ್ಬನೇ."